ಮೂಲೆಯ ಆನೆ

ನಮ್ಮ ಕುಟುಂಬದಲ್ಲಿ ಹಳೆಯ ಸಂಗತಿಯೊಂದರ ಬಗ್ಗೆ ಮಾತು ಬೆಳೆದು ಯಾರೂ ಸೋಲದಿದ್ದಾಗ ಭಾವನಿಗೆ ಫೋನ್ ಮಾಡುವುದು ರೂಢಿಯಾಗಿತ್ತು. ಚಿಕ್ಕಪ್ಪನ ಗೃಹಪ್ರವೇಶದ ದಿನ ಮಳೆ ಬಂದಿತ್ತೋ ಇಲ್ಲವೋ, ಅಜ್ಜಿ ಜಾರಿ ಬಿದ್ದದ್ದು ಬಚ್ಚಲಲ್ಲೋ ಹೊಳೆಯ ಮೆಟ್ಟಿಲಲ್ಲೋ, ನನ್ನ ಮದುವೆಯಲ್ಲಿ ಮುನಿಸಿಕೊಂಡು ಊಟ ಮಾಡದೆ ಹೋದವರು ಯಾರ ಕಡೆಯವರು, ಇಂಥವೆಲ್ಲ ಅವರ ಮುಂದೆ ಹೋಗುತ್ತಿದ್ದವು. ಭಾವ ಎಂದರೆ ನನ್ನ ಅಕ್ಕನ ಗಂಡ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಅವರು ಬರೀ ತೀರ್ಪು ಹೇಳುತ್ತಿರಲಿಲ್ಲ. ಗೃಹಪ್ರವೇಶದ ದಿನ ಸಾರಿಗೆ ಹುಳಿ ಜಾಸ್ತಿಯಾಗಿತ್ತು, ನಿಮ್ಮಪ್ಪ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಹಾಕಲು ಬಂದವನ ಬನಿಯನ್ ತೋಯ್ದು ಮೈಗೆ ಅಂಟಿಕೊಂಡಿತ್ತು, ಆದ್ದರಿಂದ ಮಳೆ ಬಂದಿತ್ತು ಎಂದು ಸಾಕ್ಷಿ ಸಮೇತ ಹೇಳುತ್ತಿದ್ದರು. ಆಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಒಳಗೊಳಗೇ ಒಪ್ಪದವನು ನಾನೊಬ್ಬನೇ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದೆ. ಓದಿದ ಮೇಲೆ ಯಾವ ಕೆಲಸದಲ್ಲೂ ನೆಟ್ಟಗೆ ಕೂರಲಿಲ್ಲ. ಯಾರ ಯಾರದೋ ಸರ್ವೆಗೆ ಹಳ್ಳಿ ಸುತ್ತಿದೆ, ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡಿದೆ, ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳಿದೆ, ಈಗ ಅದೇ ಊರಿನ ಕಾಲೇಜಿನಲ್ಲಿ ಅರೆಕಾಲಿಕ ಪಾಠ. ಕೆಲಸಗಳನ್ನು ಬಿಟ್ಟಷ್ಟು ಸುಲಭವಾಗಿ ಬಿಡಲಾಗದ್ದು ಒಂದೇ, ನೆನಪನ್ನು ನಂಬಬಾರದು ಎನ್ನುವುದು. ಅದು ಪುಸ್ತಕದಿಂದಷ್ಟೇ ಬಂದದ್ದಲ್ಲ. ಚಿಕ್ಕಂದಿನಲ್ಲಿ ಕಪಿಲೆಗೆ ನೆರೆ ಬಂದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು, ಕೆಂಪು ನೀರಿನಲ್ಲಿ ಒಂದು ಮರದ ಕುರ್ಚಿ ಕಾಲು ಮೇಲೆ ಮಾಡಿಕೊಂಡು ತೇಲಿ ಹೋದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡವನಾದ ಮೇಲೆ ಇದನ್ನು ಹೇಳಿದಾಗ ಅಮ್ಮ, ಆ ನೆರೆಯ ಹೊತ್ತಿಗೆ ನಿಮ್ಮಪ್ಪ ಊರಲ್ಲೇ ಇರಲಿಲ್ಲವಲ್ಲೋ ಎಂದಳು. ಕುರ್ಚಿ ಈಗಲೂ ತೇಲುತ್ತದೆ. ಹೆಗಲು ಯಾರದು ಎಂದು ಗೊತ್ತಿಲ್ಲ.

ನೆನಪು ಪೆಟ್ಟಿಗೆಯಲ್ಲಿಟ್ಟ ಸಾಮಾನಲ್ಲ, ತೆಗೆದಾಗಲೆಲ್ಲ ನಾವೇ ಅದನ್ನು ಹೊಸದಾಗಿ ಹೊಲಿಯುತ್ತೇವೆ ಎಂದು ಒಮ್ಮೆ ಭಾವನಿಗೆ ವಿವರಿಸಿದ್ದೆ. ಅವರು ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ನಿಂದು ಅಂಗಿರ್ಬೋದು ಕಣ್ಲಾ ಬಾಮೈದ," ಎಂದರು. "ನಂದ್ಯಾಕ್ ಸೇರುಸ್ತೀಯೆ?"

ಸೇರಿಸುವುದು ಕಷ್ಟವೇ ಇತ್ತು. ಬಸ್ ಸ್ಟ್ಯಾಂಡಿನ ಅವರ ಗೂಡಿನಲ್ಲಿ ಚೆಸ್ ಬೋರ್ಡ್ ಹರಡಲು ಜಾಗವಿರಲಿಲ್ಲ, ಹರಡಿದರೆ ಮೇಲಿನವರು ಬಿಡುತ್ತಲೂ ಇರಲಿಲ್ಲ. ಹಾಗಾಗಿ ಭಾವ ಬೋರ್ಡಿಲ್ಲದೆ ಆಡುತ್ತಿದ್ದರು. ಮೈಸೂರಿಗೆ ಹೋಗುವ ಕಂಡಕ್ಟರ್ ಕಿಟಕಿಯ ಹತ್ತಿರ ಬಂದು ತನ್ನ ನಡೆ ಹೇಳುತ್ತಿದ್ದ, ಭಾವ ಅಲ್ಲೇ ಜವಾಬು ಕೊಟ್ಟು ಬಸ್ಸಿಗೆ ಸೀಟಿ ಊದಿ ಕಳಿಸುತ್ತಿದ್ದರು. ಅವನು ಮೈಸೂರು ಮುಟ್ಟಿ ವಾಪಸ್ ಬರುವವರೆಗೆ ದಾರಿಯುದ್ದಕ್ಕೂ ಯೋಚಿಸಬಹುದು. ಅಷ್ಟರಲ್ಲಿ ಕೊಳ್ಳೇಗಾಲದ ಡ್ರೈವರ್, ತಲಕಾಡಿನ ಕಂಡಕ್ಟರ್, ಎದುರಿನ ಹಣ್ಣಿನಂಗಡಿಯವರು, ಒಬ್ಬೊಬ್ಬರದೂ ಒಂದೊಂದು ಆಟ. ಎಲ್ಲವೂ ಒಂದೇ ತಲೆಯಲ್ಲಿ, ಬಸ್ಸುಗಳ ವೇಳೆಯ ಜೊತೆಗೆ. ಮೋಸ ಮಾಡಲು ನೋಡಿದವರನ್ನು ಅವರು ಬೈಯುತ್ತಿರಲಿಲ್ಲ. ಮೊದಲ ನಡೆಯಿಂದ ಇಡೀ ಆಟವನ್ನು ಗಟ್ಟಿಯಾಗಿ ಹೇಳುತ್ತಾ ಬರುತ್ತಿದ್ದರು. ಮೋಸದ ಜಾಗ ಬರುವ ಹೊತ್ತಿಗೆ ಸುತ್ತ ಕೂಡಿದ್ದವರೆಲ್ಲ ನಗಲು ಸಿದ್ಧವಾಗಿರುತ್ತಿದ್ದರು.

ನಿವೃತ್ತರಾದ ಮೇಲೆ ಆ ಎದುರಾಳಿಗಳೆಲ್ಲ ಚದುರಿ ಹೋಗಿ ನಾನು ಉಳಿದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ನಂಜನಗೂಡಿನ ನಮ್ಮ ಮನೆಯಲ್ಲಿ ಅಪ್ಪನ ಕಾಲದ ಮರದ ಕಾಯಿಗಳನ್ನು ಜೋಡಿಸಿಕೊಂಡು ಫೋನ್ ಮಾಡುತ್ತಿದ್ದೆ. ಅವರು ಅಲ್ಲಿ ಜಗಲಿಯ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಆಡುತ್ತಿದ್ದರು. ನಡೆಗಳನ್ನು ಹೇಳಲು ನಮಗೆ ಇಂಗ್ಲಿಷಿನ ಎ, ಬಿ, ಸಿ ಬೇಕಿರಲಿಲ್ಲ. ಆಟದ ಮೊದಲಲ್ಲಿ ಯಾವ ಕಾಯಿ ಎಲ್ಲಿ ನಿಂತಿರುತ್ತದೋ ಆ ಸಾಲಿಗೆ ಅದರದೇ ಹೆಸರು. ಮೂಲೆಯಲ್ಲಿರುವುದು ಆನೆ, ಅದು ಆನೆ ಸಾಲು. ಅದರ ಪಕ್ಕ ಕುದುರೆ, ಅದರ ಪಕ್ಕ ಓರೆಯಾಗಿ ಹೋಗುವ ಒಂಟೆ, ನಡುವೆ ರಾಜ ಮತ್ತು ಮಂತ್ರಿ. "ಒಂಟೆ ಸಾಲು ಮೂರು" ಎಂದರೆ ಒಂಟೆಯ ಸಾಲಿನ ಮೂರನೆಯ ಮನೆ. ನಂಜನಗೂಡಿನಲ್ಲಿ ನಾನು ಕಂಡವರೆಲ್ಲ ಹೀಗೇ ಹೇಳುವವರು.

ನಾನು ಯೋಚಿಸುತ್ತಾ ಕೂತರೆ ಭಾವ ಕೆಣಕುತ್ತಿದ್ದರು. ನಮ್ಮೂರಿನ ಹೊಳೆಯೇ ಮುಂದೆ ಹೋಗಿ ಅವರ ಊರಿನ ಸಂಗಮ ಸೇರುವುದು. ನಿಮ್ಮೂರ ಕೊಳೆಯನ್ನೆಲ್ಲ ತೊಳೆದು ನಮಗೆ ಕಳಿಸುತ್ತೀರಿ, ಆಟವನ್ನಾದರೂ ಚೊಕ್ಕವಾಗಿ ಆಡು ಎನ್ನುವುದು ಅವರ ಹಳೆಯ ಗೇಲಿ. ನಾನು ಗೆದ್ದದ್ದು ಕಡಿಮೆ. ಗೆದ್ದ ದಿನವೂ ಅವರಿಗೆ ಜ್ವರ ಇತ್ತು ಎಂದು ಅಕ್ಕ ಆಮೇಲೆ ಹೇಳುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಭಾವ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮ ಹಳೆಯ ಗೂಡಿನಲ್ಲಿ ಕೂತಿದ್ದರಂತೆ. ಈಗಿನ ಕಂಟ್ರೋಲರ್ ಒಳ್ಳೆಯವನು, ಕಾಫಿ ತರಿಸಿಕೊಟ್ಟು, ಸುಮ್ಮನೆ ಮಾತಾಡುತ್ತಾ ಬಂದವನ ಹಾಗೆ ಮನೆಯವರೆಗೆ ಬಂದು ಬಿಟ್ಟು ಹೋದನಂತೆ. ಅದಕ್ಕೂ ಮುಂಚೆ ಒಂದು ದಿನ ಊಟಕ್ಕೆ ಕೂತವರು ನಿಮ್ಮಪ್ಪನದು ಊಟ ಆಯಿತಾ ಎಂದು ಕೇಳಿದ್ದರು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮೈಸೂರಿನಲ್ಲಿ ಯಾರಾದರೂ ಡಾಕ್ಟರಿಗೆ ತೋರಿಸೋಣ ಎಂದರೆ ಭಾವ ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟರು. ಅವಳು ನನ್ನನ್ನು ಕರೆಸಿದಳು. ಇಂಥದ್ದನ್ನೇ ಓದಿದವನು ನಾನಲ್ಲವೇ.

ನಾನು ಹೋಗಿ ಕೂತಾಗ ಭಾವನೇ ಮಾತು ತೆಗೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡ್ಲಾ ಬಾಮೈದ. ನಮ್ಮಪ್ಪ ಕೊನೇಲಿ ನನ್ನೇ ಯಾರಪ್ಪ ನೀನು ಅಂತ ಕೇಳ್ದ. ಅದು ನಂಗೂ ಬತ್ತದೆ ಅಂತ ಗೊತ್ತು. ಬಂದಾಗ ನಂಗ್ ಗೊತ್ತಾಗಲ್ಲ, ನಿಂಗ್ ಗೊತ್ತಾಯ್ತದೆ. ನನ್ ಬೋರ್ಡು ತಪ್ಪುದ್ ದಿನ ಮುಚ್ಚಿಡ್ದೆ ಏಳ್ಬುಡು. ಕರ್ದ್ ಕಡೆಗ್ ಬತ್ತೀನಿ. ಅಲ್ಲೀಗಂಟ ಯಾರೂ ನನ್ ತಂಟೆಗ್ ಬರ್ಬ್ಯಾಡಿ."

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೇಡ ಎನ್ನಲಿಲ್ಲ. ನಾನು ಒಪ್ಪಿಕೊಂಡೆ. ಖಾಕಿ ಅಂಗಿ, ಅಪ್ಪನ ಊಟ, ಇವನ್ನು ಹೇಗೆ ಅಳೆಯುವುದು? ಯಾರಿಗಾದರೂ ಆಗುವ ಮರೆವು ಎಂದೂ ಹೇಳಬಹುದು. ಬೋರ್ಡು ಹಾಗಲ್ಲ. ಕಾಯಿ ಇರುವಲ್ಲಿ ಇರುತ್ತದೆ, ಇಲ್ಲದಲ್ಲಿ ಇರುವುದಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಆಟ ಮುಗಿದ ಮೇಲೆ ಅಕ್ಕನ ಫೋನ್ ಬರುತ್ತಿತ್ತು. ಹಿತ್ತಲಿಗೆ ಹೋಗಿ ತಗ್ಗಿದ ದನಿಯಲ್ಲಿ, ಹೆಂಗಿತ್ತೋ ಆಟ, ಎಂದು ಕೇಳುತ್ತಿದ್ದಳು. ಸರಿಯಾಗಿತ್ತು ಎಂದರೆ ಅವಳು ಉಸಿರು ಬಿಡುವುದು ಕೇಳಿಸುತ್ತಿತ್ತು. ಸೋತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಆ ತಿಂಗಳುಗಳಲ್ಲೇ. ವಾರದ ನಡುವೆ ಭಾವ ಹಾಲಿನವನಿಗೆ ಬೇರೆ ಯಾರದೋ ಹೆಸರು ಹಿಡಿದು ಕರೆದಿರಲಿ, ಬಚ್ಚಲ ನಲ್ಲಿ ಬಿಟ್ಟು ಬಂದಿರಲಿ, ಭಾನುವಾರ ಅವರು ಇಡೀ ಬೋರ್ಡನ್ನು ಹಿಡಿದಿರುತ್ತಿದ್ದರು.

ಮಳೆಗಾಲದಲ್ಲಿ ಮೊದಲ ಸಲ ಎಡವಟ್ಟಾಯಿತು. ಆಟ ಆಗತಾನೇ ಶುರುವಾಗಿತ್ತು. "ರಾಜನ್ ಕಡೆ ಕುದ್ರೆ, ಆನೆ ಸಾಲು, ಮೂರು," ಎಂದರು. ನಾನು ಕುದುರೆಯನ್ನು ಎತ್ತಿ ಬೋರ್ಡಿನ ಅಂಚಿಗಿಟ್ಟೆ. ಅಂಚಿಗೆ ಹೋದ ಕುದುರೆಗೆ ಅರ್ಧ ಮೇವು ಎಂದು ನನಗೆ ಬೈದು ಕಲಿಸಿದವರು ಅವರೇ. ಏನೋ ಹೊಸ ಉಪಾಯವಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದೇ ಕುದುರೆಯಿಂದ ನಡುವಿನ ನನ್ನ ಕಾಲಾಳನ್ನು ಹೊಡೆದೆ ಎಂದರು. ಅಂಚಿನಲ್ಲಿರುವ ಕುದುರೆ ಅಲ್ಲಿಗೆ ನೆಗೆಯಲಾರದು. ಆಗುವುದಿಲ್ಲ ಭಾವ ಎಂದೆ. ಯಾಕಾಗುವುದಿಲ್ಲ, ಕಣ್ಣು ಬಿಟ್ಟು ನೋಡು ಎಂದು ನಕ್ಕರು. ನಾನು ಮತ್ತೆ ನೋಡಿದೆ. ಆಗುತ್ತಿರಲಿಲ್ಲ. ಲೈನ್ ಸರಿಯಿಲ್ಲ ಎಂದು ನೆಪ ಹೇಳಿ ಇಟ್ಟುಬಿಟ್ಟೆ.

ಹಿತ್ತಲಿನಿಂದ ಅಕ್ಕ ಕೇಳಿದಾಗ ಸರಿಯಾಗಿತ್ತು ಎಂದೆ. ಸುಳ್ಳು ಹೇಳಬೇಕೆಂದಲ್ಲ. ನಾನೇ ತಪ್ಪಾಗಿ ಕೇಳಿಸಿಕೊಂಡಿರಬಹುದಲ್ಲ? ಅವರು ಒಂಟೆ ಸಾಲು ಎಂದಿರಬಹುದು, ನನಗೆ ಆನೆ ಎಂದು ಕೇಳಿಸಿರಬಹುದು. ಒಂದು ಗಂಟೆಯ ಹಿಂದೆ ಕಿವಿಗೆ ಬಿದ್ದ ಮಾತನ್ನು ಕೂಡ ಪ್ರಮಾಣ ಮಾಡಿ ಹೇಳಲಾಗದವನು ನಾನು. ಮುಂದಿನ ವಾರದಿಂದ ಫೋನನ್ನು ಸ್ಪೀಕರಿಗೆ ಹಾಕಿ, ಅವರು ಹೇಳಿದ್ದನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಆಮೇಲೆ ಕಾಯಿ ಸರಿಸಿ, ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೆಗೆಯತೊಡಗಿದೆ. ಆ ವಾರ ಏನೂ ತಪ್ಪಲಿಲ್ಲ, ಚೆನ್ನಾಗಿ ಸೋತೆ. ಅದರ ಮುಂದಿನ ವಾರ ಮತ್ತೆ ಕುದುರೆ ಅಂಚಿಗೆ ಬಂತು. ಅದರ ಬೆನ್ನಿಗೇ, "ಆನೆ, ಕುದ್ರೆ ಸಾಲು, ಐದು," ಎಂದರು. ಆನೆಗಳೆರಡೂ ಮೂಲೆಯಲ್ಲಿ ತಮ್ಮ ಕಾಲಾಳುಗಳ ಹಿಂದೆ ಕದಲದೆ ನಿಂತಿದ್ದವು. ಅಲ್ಲಿಂದ ಆ ಮನೆಗೆ ಯಾವ ಆನೆಯೂ ಹೋಗಲಾರದು. "ಆನೆ, ಕುದುರೆ ಸಾಲು, ಐದು," ಎಂದು ನಾನೂ ಹೇಳಿದೆ. "ಊಂ, ಅದೇ," ಎಂದರು ಭಾವ. ದನಿಯಲ್ಲಿ ಸ್ವಲ್ಪವೂ ಅನುಮಾನವಿರಲಿಲ್ಲ.

ಈ ಸಲ ಫೋಟೋ ಇತ್ತು. ಅದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಆನೆ ಮೂಲೆಯಲ್ಲೇ ಇತ್ತು.

ಒಂದು ವಾರ ಇಟ್ಟುಕೊಂಡೆ. ಒಪ್ಪಂದದ ಪ್ರಕಾರ ಹೇಳಬೇಕಿತ್ತು, ಆದರೆ ಫೋನಿನಲ್ಲಿ ಹೇಳುವ ಮಾತಲ್ಲ. ಬೋರ್ಡು ಮತ್ತು ಕಾಯಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸುತ್ತೂರು ಮೇಲೆ ಹೋಗುವ ಬಸ್ ಹತ್ತಿದೆ. ದಾರಿಯಲ್ಲಿ ಗದ್ದೆಗೆ ನೀರು ಬಿಟ್ಟಿದ್ದರು. ಕಾಯಿಗಳು ತೊಡೆಯ ಮೇಲೆ ಕಟಕಟ ಅನ್ನುತ್ತಿದ್ದವು. ಏನು ಹೇಳಬೇಕೆಂದು ಜೋಡಿಸಿಕೊಳ್ಳಲು ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಮಾತೂ ಕೂಡಿರಲಿಲ್ಲ.

ಜಗಲಿಯಲ್ಲಿ ಬೋರ್ಡು ಹರಡಿದ್ದನ್ನು ನೋಡಿ ಭಾವನಿಗೆ ಅವಮಾನವಾದಂತಾಯಿತು. ಕುರುಡನಿಗೆ ಕೋಲು ತಂದಿದ್ದೀಯೇನೋ ಎಂದರು. ನನಗೇ ಗೊಂದಲವಾಗುತ್ತಿದೆ ಭಾವ, ಇವತ್ತು ನೀವೇ ಕೈಯಾರೆ ಆಡಿ ಎಂದು ಒಲಿಸಿದೆ. ಅವರು ಗೊಣಗುತ್ತಾ ಮುಂದೆ ಬಾಗಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ನಾನೂ ನಡೆಸಿದೆ.

"ಕುದ್ರೆ, ಆನೆ ಸಾಲು, ಮೂರು," ಎಂದರು ಭಾವ. ಬಾಯಿ ಹಾಗೆ ಹೇಳಿತು. ಕೈ ಕುದುರೆಯನ್ನು ಎತ್ತಿ ಅಂಚಿಗಲ್ಲ, ನಡುವಿನ ಕಡೆಗೆ, ಒಂಟೆ ಸಾಲಿನ ಮೂರನೇ ಮನೆಯಲ್ಲಿಟ್ಟಿತು. ಅದು ಇರಬೇಕಾದ ಜಾಗವೇ. ಬೋರ್ಡು ನೋಡಿ ಆಡುವ ಯಾರಾದರೂ ಅಲ್ಲೇ ಇಡುತ್ತಾರೆ.

ನಾನು ಏನೋ ಒಂದು ನಡೆಸಿದೆ. ಭಾವನ ಬೆರಳು ಕುದುರೆ ಬಿಟ್ಟುಹೋದ ಮನೆಯ ಪಕ್ಕದ ಕಾಯಿಗೆ ಹೋಯಿತು, ನಾವು ಒಂಟೆ ಎನ್ನುವ ಕಾಯಿಗೆ. "ಆನೆ," ಎಂದು ಅದನ್ನು ಓರೆಯಾಗಿ ಒಯ್ದು ಕುದುರೆ ಸಾಲಿನ ಐದನೇ ಮನೆಯಲ್ಲಿ ನಿಲ್ಲಿಸಿದರು. ಫೋನಿನಲ್ಲಿ ಆಗದೇ ಇದ್ದ ನಡೆ ಕಣ್ಣೆದುರು ಸಲೀಸಾಗಿ ಆಯಿತು.

ಮೂಲೆಯ ಕಾಯಿಯನ್ನು ತೋರಿಸಿ, ಇದು ಏನು ಭಾವ, ಎಂದೆ.

"ತೇರು. ಏನ್ಲಾ ಇಂಗ್ ಕೇಳ್ತೀಯೆ?"

ಭಾವ ಹುಟ್ಟಿದ್ದು ಮುಡುಕುತೊರೆ ಕಡೆಯ ಒಂದು ಹಳ್ಳಿಯಲ್ಲಿ. ಅವರ ತಾತ ಅವರಿಗೆ ಆಟ ಕಲಿಸಿದ್ದು ಅಲ್ಲಿನ ಹೆಸರುಗಳಲ್ಲಿ. ಅಲ್ಲಿ ಮೂಲೆಯಲ್ಲಿ ನಿಲ್ಲುವುದು ತೇರು, ನೆಟ್ಟಗೆ ಉರುಳುವುದರಿಂದ. ಓರೆಯಾಗಿ ನುಗ್ಗುವುದು ಆನೆ. ಒಂಟೆ ಎನ್ನುವುದೇ ಇಲ್ಲ. ಮದುವೆಯಾದ ಹೊಸದರಲ್ಲಿ ಒಂದಷ್ಟು ದಿನ ಅವರ ಬಾಯಲ್ಲಿ ಆ ಮಾತು ಕೇಳಿದ್ದೆ. ಆಮೇಲೆ ನಮ್ಮ ಮನೆಯ ಹೆಸರುಗಳಿಗೆ ಬಂದವರು ಹಿಂದಕ್ಕೆ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ಅವರು ಆನೆ, ಒಂಟೆ ಎಂದೇ ಆಡಿದ್ದು. ಈಗ ಬೋರ್ಡಿನ ಒಂದು ಮನೆಯೂ ಕದಲಿರಲಿಲ್ಲ. ಕಾಯಿಗಳು ಇದ್ದಲ್ಲೇ ಇದ್ದವು. ಮೇಲೆ ಅಂಟಿಸಿದ್ದ ಹೆಸರುಗಳು ಮಾತ್ರ ಒಂದೊಂದಾಗಿ ಬಿಟ್ಟುಕೊಂಡು ಕೆಳಗಿನ ಹಳೆಯವು ಕಾಣುತ್ತಿದ್ದವು. ಇಷ್ಟು ದಿನ ನಾನು ಅವರ ತಪ್ಪು ಹುಡುಕಿದೆ, ನನ್ನ ಕಿವಿಯ ತಪ್ಪು ಹುಡುಕಿದೆ. ಒಂಟೆ ಎಂಬ ಮಾತು ಬರಬರುತ್ತಾ ಕಡಿಮೆಯಾದದ್ದನ್ನು ಗಮನಿಸಿರಲಿಲ್ಲ.

"ಯಾಕ್ ಸುಮ್ಕಾದೆ? ಬೋರ್ಡು ತಪ್ಪೋಯ್ತಾ?" ಎಂದರು ಭಾವ.

"ಬೋರ್ಡು ಸರಿಯಾಗಿದೆ ಭಾವ. ಆದ್ರೆ ಮೂಲೇಲಿರೋದನ್ನ ನಾವು ಆನೆ ಅಂತೀವಲ್ಲ?"

"ಯಾವಾಗ್ಲಿಂದ?"

ನಾನು ಕೆಣಕುತ್ತಿದ್ದೇನೆಂದು ಅವರು ನಗಲು ಶುರುಮಾಡಿದ್ದರು. ಅಷ್ಟು ದೊಡ್ಡ ಪ್ರಾಣಿ ಮೂಲೆಯಲ್ಲಿ ನಿಂತು ಏನು ಮಾಡುತ್ತದೆ ಎಂದರು. ಆಮೇಲೆ ನನ್ನ ಮುಖ ನೋಡಿದರು. ಬಸ್ ಸ್ಟ್ಯಾಂಡಿನಲ್ಲಿ ಮೋಸಗಾರರ ಮುಖ ಓದಿ ಅಭ್ಯಾಸವಿದ್ದವರು. ನಗು ನಿಧಾನವಾಗಿ ನಿಂತಿತು. ಮೂಲೆಯ ಕಾಯಿಯನ್ನು ಕೈಗೆತ್ತಿಕೊಂಡು ಅದರ ತಳದ ಸವೆದ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾ ಬಹಳ ಹೊತ್ತು ಕೂತರು. ಏನನ್ನೋ ತಡಕುತ್ತಿದ್ದರು. ಸಿಗಲಿಲ್ಲ.

"ಅಂಗಾರೆ ತಪ್ಪೋಗದೆ ಅನ್ನು," ಎಂದರು. ಕಾಯಿಯನ್ನು ಅದರ ಜಾಗದಲ್ಲಿ ಸರಿಯಾಗಿ ನಿಲ್ಲಿಸಿದರು. "ಸರಿ ಬುಡು. ಯಾವತ್ತ್ ಓಗಣ ಡಾಕ್ಟ್ರ ತಾವ?"

ಒಳಗೆ ಅಕ್ಕ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಆನೆ, ತೇರು ಎಂದು ನಾನು ಹೇಳಲು ಶುರುಮಾಡಿದಾಗಲೇ ಅವಳ ಕೈ ನಿಂತಿತು. ನಾನು ವಿವರಿಸುತ್ತಾ ಹೋದೆ: ಹಳೆಯದು ಗಟ್ಟಿಯಾಗಿ ಉಳಿಯುತ್ತದೆ, ಆಮೇಲೆ ಬಂದದ್ದು ಮೊದಲು ಹೋಗುತ್ತದೆ, ಪುಸ್ತಕದಲ್ಲಿ ಹೀಗೇ ಇದೆ, ಒಂದು ಲೆಕ್ಕದಲ್ಲಿ ಇದು ಅಷ್ಟು ಕೆಟ್ಟದ್ದಲ್ಲ, ಆಟ ಪೂರ್ತಿ ಉಳಿದಿದೆ. ಮಾತಿನ ಮಧ್ಯೆ ಅಪ್ಪನ ವಿಷಯವೂ ಬಂತು. ಮದುವೆಯಾದ ವರ್ಷ ದೀಪಾವಳಿಗೆ ಬಂದ ಹೊಸ ಅಳಿಯನ ಜೊತೆ ಅಪ್ಪ ನಡುಮನೆಯಲ್ಲಿ ಆಟಕ್ಕೆ ಕೂತದ್ದು, ಭಾವ ತೇರು ಎಂದಾಗ, ಈ ಮನೆಯಲ್ಲಿ ಮೂಲೆಯಲ್ಲಿರುವುದು ಆನೆ ಅಳಿಯಂದಿರೇ, ಒಪ್ಪಿದರೆ ಆಟ ಎಂದು ಅಪ್ಪ ನಕ್ಕದ್ದು. ಹಣ್ಣಾಗಲು ಇಟ್ಟಿದ್ದ ರಸಬಾಳೆ ಗೊನೆಯ ವಾಸನೆ ನಡುಮನೆಯವರೆಗೂ ಬರುತ್ತಿತ್ತು.

"ಅಪ್ಪ ಯಾವತ್ತೂ ಅವರ ಜೊತೆ ಆಡಲಿಲ್ಲ ಕಣೋ," ಎಂದಳು ಅಕ್ಕ.

ಅಳಿಯನಿಗೆ ಸೋತರೆ ಮರ್ಯಾದೆ ಏನಾಗಬೇಕು ಎಂದು ಅಪ್ಪ ಬೋರ್ಡನ್ನೇ ಅಟ್ಟಕ್ಕೆ ಹಾಕಿಸಿದ್ದನಂತೆ. ಅವಳು ಹೇಳಿದ್ದು ಬೇರೆಯೇ. ಮದುವೆಯಾಗಿ ಈ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯ ಬಾಡಿಗೆ ಮನೆ. ಯಾರೂ ಪರಿಚಯವಿಲ್ಲ. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದೆ ಚೆಸ್ ಆಡುತ್ತಿದ್ದರು. ಅವರು ತೇರು ಎಂದರೆ ಇವಳು ಆನೆ ಎನ್ನುವುದು. ಇಬ್ಬರೂ ಬಿಡಲಿಲ್ಲ. ಅನ್ನಕ್ಕೆ ಕರೆಯುವುದಕ್ಕೂ ಅದೇ ಜಗಳ ಅಡ್ಡ ಬರುವಷ್ಟಾಯಿತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, ಆಯ್ತು, ನಿನ್ನ ಆನೆ ಮೂಲೆಯಲ್ಲೇ ಇರಲಿ ಎಂದರಂತೆ.

"ನನಗೋಸ್ಕರ ಅವರು ಬಿಟ್ಟ ಮೊದಲನೇ ಮಾತು ಅದು," ಎಂದಳು. ಅವರೆಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಈಗ ವಾಪಸ್ ತಗೊಂಡ್ರು."

ರಸಬಾಳೆಯ ವಾಸನೆ ಮೂಗಿನಲ್ಲೇ ಇತ್ತು, ಅಪ್ಪನ ನಗುವೂ ಇತ್ತು. ತೇಲಿ ಹೋದ ಕುರ್ಚಿಯ ಹಾಗೆ ಇದೂ ಒಂದಿರಬಹುದು. ಅಥವಾ ಅಕ್ಕನೇ ಇಷ್ಟು ವರ್ಷಗಳಲ್ಲಿ ತನಗೆ ಬೇಕಾದ ಹಾಗೆ ಒಂದು ಸಂಜೆಯನ್ನು ಹೊಲಿದುಕೊಂಡಿರಬಹುದು, ಹಾಗೆನ್ನುವ ಧೈರ್ಯ ನನಗೆ ಬರಲಿಲ್ಲ. ಹಿಂದೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಭಾವನನ್ನು ಕೇಳುತ್ತಿದ್ದೆವು. ಇಬ್ಬರೂ ಜಗಲಿಯ ಕಡೆ ಒಮ್ಮೆ ನೋಡಿದೆವು.

ಭಾವ ಕೊಟ್ಟ ಮಾತಿನಂತೆ ಮೈಸೂರಿಗೆ ಬಂದರು. ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯವರು. ಚಿತ್ರಗಳ ಕಾರ್ಡು ತೋರಿಸಿ ಪ್ರಾಣಿಗಳ ಹೆಸರು ಕೇಳಿದರು. ಒಂದು ಕಾರ್ಡಿಗೆ ಭಾವ ತಟ್ಟನೆ, "ಒಂಟೆ ಅಲ್ವಾ ಸಾ," ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಮರಳುಗಾಡಿನ ಒಂಟೆ ಅವರಿಗೆ ಗೊತ್ತಿತ್ತು. ನಮ್ಮ ಮನೆಯದು ಮಾತ್ರ ಗೊತ್ತಿರಲಿಲ್ಲ. ಮನೆಯವರ ಹೆಸರೇನು ಎಂದು ಡಾಕ್ಟರ್ ಕೇಳಿದಾಗ ಭಾವ ಅಕ್ಕನ ಕಡೆ ತಿರುಗಿ, ಅವಳೇ ಇದ್ದಾಳಲ್ಲ, ಅವಳನ್ನೇ ಕೇಳಿ ಎಂದು ನಕ್ಕರು. ಡಾಕ್ಟರೂ ನಕ್ಕರು. ಗೊತ್ತಿಲ್ಲದಿದ್ದಾಗ ಇಂಥ ಜಾರಿಕೆಯ ಉತ್ತರ ಬರುತ್ತದೆ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಗೊತ್ತಿದ್ದೂ ನಾಚಿಕೆಯಿಂದ ಹಾಗೆ ಹೇಳುವವರೂ ಇರುತ್ತಾರೆ. ಎರಡರಲ್ಲಿ ಯಾವುದು ಎಂದು ನಾನು ಅಕ್ಕನಿಗೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮಾತ್ರೆ ಬರೆದುಕೊಟ್ಟರು. ಇದರಿಂದ ತಡವಾಗಬಹುದು, ನಿಲ್ಲುವುದಿಲ್ಲ ಎಂದರು.

ಆಟ ಮುಂದುವರಿಸಬೇಕೆಂದರೆ ನಾನೇ ಹೆಸರು ಬದಲಾಯಿಸಬೇಕಿತ್ತು. ಅಕ್ಕನಿಗೆ ಅದು ಇಷ್ಟವಿರಲಿಲ್ಲ. ನೀನೂ ತೇರು ಅಂದುಬಿಟ್ಟರೆ ಅವರ ಕಿವಿಗೆ ಆನೆ ಅಂತ ಹೇಳುವವರು ಯಾರೂ ಇರುವುದಿಲ್ಲ ಎಂದಳು. ಒಂದೆರಡು ವಾರ ನಮ್ಮ ಹೆಸರುಗಳಲ್ಲೇ ಆಡಿ ನೋಡಿದೆ. ಪ್ರತಿ ನಡೆಗೂ ಜಗಳವಾಗಿ ಭಾವ ರೇಗಿ, ಆಮೇಲೆ ಹೆದರಿ, ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತಿದ್ದರು. ಕೊನೆಗೆ ಅವಳೇ, ಅವರಿಗೆ ಹೆಂಗೆ ಬೇಕೋ ಹಂಗೆ ಆಡ್ಲಿ ಬಿಡು ಎಂದಳು.

ನನ್ನ ನಾಲಿಗೆ ತಿರುಗಲು ತಿಂಗಳುಗಳೇ ಬೇಕಾದವು. ಕಾಯಿ ನೋಡಿದರೆ ಬಾಯಿಗೆ ಆನೆ ಬರುತ್ತದೆ, ಅದನ್ನು ನುಂಗಿ ತೇರು ಎನ್ನಬೇಕು. ನನಗೆ ಇಷ್ಟು ಕಷ್ಟವಾಗುವ ಕೆಲಸವನ್ನು ಭಾವ ಅಂದು ಒಂದು ಸಂಜೆಯಲ್ಲಿ ಮಾಡಿದ್ದರು, ಅಕ್ಕ ಹೇಳುವುದು ನಿಜವಾದರೆ. ಅವರ ಹೆಸರುಗಳಲ್ಲಿ ಆಡಲು ಶುರುಮಾಡಿದ ಮೇಲೆ ಅವರು ಒಂದು ಆಟವನ್ನೂ ಸೋತಿಲ್ಲ. ಹಿಂದಿಗಿಂತ ಚುರುಕಾಗಿದ್ದಾರೆ, ಹುಡುಗನ ಹಾಗೆ ಮುನ್ನುಗ್ಗಿ ಆಡುತ್ತಾರೆ. ಹೊಳೆಯ ಕೊಳೆಯ ಗೇಲಿ ಮಾತ್ರ ನಿಂತುಹೋಗಿದೆ. ಬಾಮೈದ ಎನ್ನುವುದೂ ಯಾವಾಗಲೋ ನಿಂತಿತು. ನಿಂತ ದಿನ ಯಾವುದೆಂದು ನಾನು ಗುರುತಿಟ್ಟುಕೊಳ್ಳಲಿಲ್ಲ. ಅಕ್ಕ ಈಗ ಹಿತ್ತಲಿನಿಂದ ಫೋನ್ ಮಾಡುವುದಿಲ್ಲ. ಸ್ಪೀಕರ್ ಹಾಕಿ ಫೋನನ್ನು ಸ್ಟೂಲಿನ ಮೇಲಿಟ್ಟು ಅಲ್ಲೇ ಏನಾದರೂ ಕೆಲಸ ಮಾಡುತ್ತಾ ಕೂರುತ್ತಾಳೆ.

ಹೋದ ಭಾನುವಾರವೂ ಕೂತಿದ್ದಳು. ತೆಂಗಿನಕಾಯಿ ತುರಿಯುವ ಸದ್ದು ಕೇಳಿಸುತ್ತಿತ್ತು. ಆಟ ನಡುಘಟ್ಟಕ್ಕೆ ಬಂದಿತ್ತು. ನಾನು, "ತೇರು, ಮಂತ್ರಿ ಸಾಲು, ಒಂದು," ಎಂದೆ. ಭಾವ ಯೋಚಿಸುತ್ತಿದ್ದಾರೆ ಅಂದುಕೊಂಡೆ.

"ನೀವು ಯಾವ್ ಕಡೆಯವ್ರು?" ಎಂದು ಕೇಳಿದರು.

ಮೂವತ್ತು ವರ್ಷಕ್ಕೂ ಮೇಲಾಯಿತು, ಅವರು ನನ್ನನ್ನು ನೀವು ಎಂದವರಲ್ಲ. ನಂಜನಗೂಡು ಎಂದೆ. ನಂಜನಗೂಡಿನ ಯಾರ ಮನೆಯವನೆಂದು ಮುಂದೆ ಕೇಳಿದರೆ ಏನು ಹೇಳುವುದೆಂದು ಹುಡುಕತೊಡಗಿದೆ. ಅವರು ಅದನ್ನು ಕೇಳಲಿಲ್ಲ.

"ಮತ್ತೆ ತೇರು ಅಂತೀರಲ್ಲ," ಎಂದರು. "ನಂಜನಗೂಡ್ನೋರು ಅದ್ನ ಆನೆ ಅಂತಾರಂತೆ. ಯಾರೋ ಏಳಿದ್ರು ನಂಗೆ."

ತುರಿಯುವ ಸದ್ದು ನಿಂತಿತು.

"ಯಾರು ಹೇಳಿದ್ರು?" ಎಂದೆ. ಅಳೆಯುವವನು ಕೇಳುವ ದನಿಯಲ್ಲಿ ಕೇಳಲಾಗಲಿಲ್ಲ. ಮಾತು ಅವಸರದಲ್ಲಿ ಹೊರಬಿತ್ತು.

ಭಾವ ಯೋಚಿಸಿದರು. ಆ ಕಡೆ ಬೀದಿಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು, ಅದು ದೂರವಾಗುವವರೆಗೂ ಯೋಚಿಸಿದರು. ಅಕ್ಕ ಉಸಿರು ಹಿಡಿದು ಕೂತಿದ್ದಾಳೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಅಪ್ಪನ ಹೆಸರು ಬಾರದಿರಲಿ ಎಂದುಕೊಂಡೆ. ನನ್ನ ದೀಪಾವಳಿ ಸುಳ್ಳಾಗಲಿ ಎಂದು ಮೊದಲ ಸಲ ಬಯಸಿದೆ.

"ಗೊತ್ತಿಲ್ಲ ಕಣ್ರೀ," ಎಂದರು ಭಾವ. "ಯಾರೋ." ಸ್ವಲ್ಪ ತಡೆದು, "ನನ್ ನಡೆ ತಾನೆ? ಆನೆ, ಕುದ್ರೆ ಸಾಲು, ಐದು. ಚೆಕ್."

ಅಭ್ಯಾಸಬಲದಿಂದ ನನ್ನ ಕೈ ಮೊದಲು ನಮ್ಮ ಮನೆಯ ಆನೆಯ ಕಡೆಗೇ ಹೋಯಿತು. ಅಲ್ಲಿಂದ ತೆಗೆದು, ಅವರ ಆನೆಯನ್ನು ಹುಡುಕಿ ಓರೆಯಾಗಿ ಸರಿಸಿದೆ. ಚೆಕ್ ನಿಜವಾಗಿಯೂ ಇತ್ತು. ಫೋನಿನಲ್ಲಿ ಮತ್ತೆ ಕಾಯಿ ತುರಿಯುವ ಸದ್ದು ಶುರುವಾಯಿತು.